ಟಿಎಸ್‌ಎಚ್, ಎಎಂಎಚ್, ಪಿಆರ್‌ಎಲ್: ಹಾರ್ಮೋನುಗಳಿಗೆ ಈ ಹೆಸರುಗಳು ಬಂದದ್ದು ಎಲ್ಲಿಂದ?

ಪ್ರಶ್ನೆ: ಮೇಡಂ, ನಾವು ಹರಿಹರದವರು. ಮಗಳ ಮದುವೆಯಾಗಿ ನಾಲ್ಕು ವರ್ಷವಾಯ್ತು, ಇನ್ನೂ ಮಕ್ಕಳಾಗಿಲ್ಲ. ದಾವಣಗೆರೆಯಲ್ಲಿ ತೋರಿಸಿದೆವು. ಟಿ3, ಟಿ4, ಟಿಎಸ್‌ಎಚ್, ಎಫ್‌ಎಸ್‌ಎಚ್, ಎಲ್‌ಎಚ್, ಇ2, ಪಿಆರ್‌ಎಲ್, ಎಎಂಎಚ್ ಅಂತ ಒಂದು ರಾಶಿ ಪರೀಕ್ಷೆ ಬರೆದುಕೊಟ್ಟರು. ಅಳಿಯನಿಗೂ ಪಿಆರ್‌ಎಲ್, ಎಫ್‌ಎಸ್‌ಎಚ್ ಮಾಡಿಸಿದರು. ಮೊಬೈಲಿನಲ್ಲಿ ನೋಡಿದರೆ ಪಿಆರ್‌ಎಲ್ ಅಂದರೆ ಎದೆಹಾಲಿನ ಹಾರ್ಮೋನು, ಎಫ್‌ಎಸ್‌ಎಚ್ ಅಂದರೆ ಹೆಂಗಸರ ಅಂಡಾಣು ಬೆಳೆಸೋ ಹಾರ್ಮೋನು ಅಂತ ಬರುತ್ತೆ. ಗಂಡಸಿಗೆ ಅದನ್ನೆಲ್ಲ ಯಾಕೆ ನೋಡಬೇಕು ಅಂತ ಅವನು ಮುಜುಗರಪಟ್ಟುಕೊಂಡು ರಿಪೋರ್ಟ್ ತರೋಕೇ ಹೋಗ್ತಿಲ್ಲ. ಈ ಹೆಸರುಗಳನ್ನ ಇಡೋರು ಯಾರು? ಒಂದೇ ಹಾರ್ಮೋನಿಗೆ ಎರಡೆರಡು ಹೆಸರು ಯಾಕೆ? ಟಿ3, ಟಿ4 ಇದ್ದ ಮೇಲೆ ಟಿ1, ಟಿ2 ಎಲ್ಲಿ ಹೋದವು?

ಉತ್ತರ: ಮೊದಲು ನಿಮ್ಮ ಅಳಿಯಂದಿರ ವಿಷಯ. ಅವರು ತಡಮಾಡದೆ ಹೋಗಿ ರಿಪೋರ್ಟ್ ತರಲಿ. ಪಿಆರ್‌ಎಲ್ ಅಂದರೆ ಪ್ರೊಲ್ಯಾಕ್ಟಿನ್, ಅದು ಗಂಡಸರ ರಕ್ತದಲ್ಲೂ ಸದಾ ಇರುವ ಹಾರ್ಮೋನು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಹೆಣ್ಣಿನಲ್ಲೂ ಗಂಡಿನಲ್ಲೂ ತಯಾರಿಸುತ್ತದೆ. ಗಂಡಸರಲ್ಲಿ ಅದರ ಮಟ್ಟ ವಿಪರೀತ ಏರಿದರೆ ವೃಷಣಕ್ಕೆ ಅಪ್ಪಣೆ ಕೊಡುವ ಎಲ್‌ಎಚ್ ಕುಗ್ಗುತ್ತದೆ, ಅದರ ಹಿಂದೆಯೇ ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಇಳಿಯುತ್ತದೆ, ದೇಹದ ಆಸೆ ಕಡಿಮೆಯಾಗುತ್ತದೆ, ವೀರ್ಯಾಣುಗಳ ಸಂಖ್ಯೆಗೂ ಪೆಟ್ಟು ಬೀಳಬಹುದು. ಏರುವುದಕ್ಕೆ ಪಿಟ್ಯುಟರಿಯಲ್ಲಿ ಬೆಳೆದ ಕ್ಯಾನ್ಸರಲ್ಲದ ಸಣ್ಣ ಗಡ್ಡೆ ಕಾರಣವಿರಬಹುದು. ವಾಂತಿ ನಿಲ್ಲಲು, ಹೊಟ್ಟೆಯುಬ್ಬರ ಇಳಿಯಲು ನುಂಗುವ ಡೊಂಪೆರಿಡೋನ್‌ನಂಥ ಮಾತ್ರೆಯೂ, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧವೂ ಅದನ್ನು ಏರಿಸಬಲ್ಲವು. ಥೈರಾಯ್ಡ್ ಮಂದವಾಗಿದ್ದರೂ ಪ್ರೊಲ್ಯಾಕ್ಟಿನ್ ಏರುವುದುಂಟು. ಇವುಗಳಲ್ಲಿ ಬಹುಪಾಲು ಔಷಧದಲ್ಲೇ ಹತೋಟಿಗೆ ಬರುತ್ತವೆ. ಎಫ್‌ಎಸ್‌ಎಚ್ ಕೂಡ ಹಾಗೆಯೇ ಗಂಡಸರಿಗೆ ಬೇಕಾದದ್ದು. ವೃಷಣದೊಳಗೆ ವೀರ್ಯಾಣುಗಳನ್ನು ಸಾಕಿ ಬೆಳೆಸುವ ಸರ್ಟೋಲಿ ಜೀವಕೋಶಗಳು ಎಫ್‌ಎಸ್‌ಎಚ್ ಮಾತು ಕೇಳಿ ಕೆಲಸ ಮಾಡುತ್ತವೆ. ವೀರ್ಯಾಣು ಕಡಿಮೆ ಇದ್ದಾಗ ಎಫ್‌ಎಸ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲೇ ಇದೆ ಎಂಬ ಸುಳಿವು ಸಿಗುತ್ತದೆ. ಏರಿಲ್ಲದಿದ್ದರೆ ವೈದ್ಯರು ಬೇರೆ ಕಡೆ ಹುಡುಕುತ್ತಾರೆ. ಆ ಒಂದು ಕಾಗದವಿಲ್ಲದೆ ಮಗಳ ಎಂಟು ರಿಪೋರ್ಟ್ ಇಟ್ಟುಕೊಂಡರೂ ವೈದ್ಯರಿಗೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ಗಂಡಸಿನಲ್ಲಿರುವ ಹಾರ್ಮೋನಿಗೆ ಹಾಲಿನ ಹೆಸರೇಕೆ? ಹಾರ್ಮೋನಿನ ಹೆಸರು ಅದು ಮೊದಲ ಬಾರಿ ಎಲ್ಲಿ, ಯಾವ ಪ್ರಾಣಿಯಲ್ಲಿ, ಏನು ಮಾಡುವಾಗ ವಿಜ್ಞಾನಿಗಳ ಕಣ್ಣಿಗೆ ಬಿತ್ತು ಎಂಬುದನ್ನು ಹೇಳುತ್ತದೆಯೇ ಹೊರತು ಅದರ ಪೂರ್ತಿ ಕೆಲಸವನ್ನಲ್ಲ. ನಮ್ಮ ಕಡೆ ಅಂಗಡಿ ಎಂಬ ಅಡ್ಡಹೆಸರಿನ ಮನೆಯವರು ಇವತ್ತು ಅಂಗಡಿ ಇಟ್ಟಿರಲೇಬೇಕು ಎಂದೇನಿಲ್ಲ. ಹಿಂದೆ ಯಾರೋ ಇಟ್ಟಿದ್ದರು, ಹೆಸರು ಉಳಿಯಿತು. ಹಾರ್ಮೋನುಗಳ ಹೆಸರೂ ಹಾಗೇ ಉಳಿದು ಬಂದದ್ದು. ಇದೊಂದು ತಿಳಿದಿದ್ದರೆ ರಿಪೋರ್ಟ್ ಕೈಗೆ ಬಂದಾಗ ಆಗುವ ಅರ್ಧದಷ್ಟು ಗಾಬರಿ ಆಗುವುದಿಲ್ಲ.

ಹಾರ್ಮೋನ್ ಎಂಬ ಪದಕ್ಕೇ ವಯಸ್ಸು ಸುಮಾರು ನೂರಿಪ್ಪತ್ತು ವರ್ಷ ಅಷ್ಟೇ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಯ ಸಣ್ಣಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಆ ತುಂಡಿನೊಳಗೆ ಆಮ್ಲ ಬಿಟ್ಟರು. ನರದ ಸಂಪರ್ಕವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಅಂದರೆ ಸುದ್ದಿ ರಕ್ತದ ಮೂಲಕ ಹೋಗಿದೆ ಎಂದಾಯಿತು. ಕರುಳಿನ ಒಳಪದರವನ್ನು ಕೆರೆದು, ಆಮ್ಲದಲ್ಲಿ ಅರೆದು, ರಕ್ತನಾಳಕ್ಕೆ ಚುಚ್ಚಿದಾಗಲೂ ಅದೇ ಫಲ ಸಿಕ್ಕಿತು. ರಸ ಸ್ರವಿಸುವಂತೆ ಮಾಡುವ ಆ ವಸ್ತುವಿಗೆ ಸೀಕ್ರಿಟಿನ್ ಎಂದು ಹೆಸರಿಟ್ಟರು. ಮೂರು ವರ್ಷದ ನಂತರ, 1905ರಲ್ಲಿ, ಇಂಥ ಎಲ್ಲ ವಸ್ತುಗಳಿಗೂ ಒಟ್ಟಾಗಿ ಒಂದು ಹೆಸರು ಬೇಕು ಎಂದು ಸ್ಟಾರ್ಲಿಂಗ್ ತಮ್ಮ ಉಪನ್ಯಾಸದಲ್ಲಿ ಹಾರ್ಮೋನ್ ಎಂಬ ಪದ ಬಳಸಿದರು. ಗ್ರೀಕಿನಲ್ಲಿ ಅದರ ಮೂಲಕ್ಕೆ ಕೆರಳಿಸು, ಚುರುಕುಗೊಳಿಸು ಎಂಬ ಅರ್ಥ. ಹೆಸರಿಡುವ ಪದ್ಧತಿಯೂ ಅಲ್ಲಿಂದಲೇ ಶುರುವಾಯಿತು ಎನ್ನಬಹುದು: ಮೊದಲು ಕಂಡ ಪರಿಣಾಮವನ್ನು ಹಿಡಿ, ಅದಕ್ಕೊಂದು ಗ್ರೀಕ್ ಅಥವಾ ಲ್ಯಾಟಿನ್ ರೂಪ ಕೊಡು.

ಪ್ರೊಲ್ಯಾಕ್ಟಿನ್ ಆದದ್ದೂ ಹೀಗೆ. 1920ರ ದಶಕದ ಕೊನೆಯಲ್ಲಿ ಪಿಟ್ಯುಟರಿಯ ಸಾರವನ್ನು ಮೊಲಗಳಿಗೆ ಚುಚ್ಚಿದಾಗ ಹಾಲು ಬಂದದ್ದನ್ನು ನೋಡಿದರು. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಕರ್ ರಿಡಲ್ ಪಾರಿವಾಳಗಳ ಮೇಲೆ ಕೆಲಸ ಮಾಡಿದರು. ಪಾರಿವಾಳಗಳು ತಮ್ಮ ಗಂಟಲಚೀಲದಲ್ಲಿ ಹಾಲಿನಂಥ ದ್ರವ ತಯಾರಿಸಿ ಮರಿಗಳಿಗೆ ಉಣಿಸುತ್ತವೆ. ಹೆಣ್ಣು ಮಾತ್ರವಲ್ಲ, ಗಂಡು ಪಾರಿವಾಳವೂ ಉಣಿಸುತ್ತದೆ. ಇದನ್ನು ನಿಮ್ಮ ಅಳಿಯಂದಿರಿಗೆ ಹೇಳಿ: ಆ ಹೆಸರು ಖಾಯಂ ಆದದ್ದೇ ಗಂಡೂ ಹೆಣ್ಣೂ ಇಬ್ಬರೂ ಹಾಲೂಡಿಸುವ ಒಂದು ಹಕ್ಕಿಯ ಮೇಲೆ ನಡೆದ ಕೆಲಸದಲ್ಲಿ. ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಬೆಳವಣಿಗೆಯ ಹಾರ್ಮೋನಿನಿಂದ ಬೇರೆಯದು ಎಂದು ಖಚಿತವಾಗಿದ್ದು 1970ರ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಹೆಸರು ಪಠ್ಯಪುಸ್ತಕಗಳಲ್ಲಿ ಬೇರುಬಿಟ್ಟಿತ್ತು.

ಎಫ್‌ಎಸ್‌ಎಚ್ ಅಂದರೆ ಫಾಲಿಕಲ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್. ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಪುಟ್ಟ ಚೀಲವೇ ಫಾಲಿಕಲ್. ಎಲ್‌ಎಚ್ ಅಂದರೆ ಲ್ಯುಟಿನೈಸಿಂಗ್ ಹಾರ್ಮೋನ್. ಅಂಡಾಣು ಹೊರಬಿದ್ದ ಮೇಲೆ ಆ ಚೀಲ ಹಳದಿ ಬಣ್ಣದ ಒಂದು ಗಂಟಾಗುತ್ತದೆ, ಲ್ಯಾಟಿನ್ನಿನ ಲ್ಯೂಟಿಯಸ್ ಎಂದರೆ ಹಳದಿ. ಎರಡೂ ಹೆಸರು ಹೆಣ್ಣು ಪ್ರಾಣಿಗಳ ಅಂಡಾಶಯವನ್ನು ನೋಡುತ್ತ ಕೂತವರು ಇಟ್ಟದ್ದು. ಆಮೇಲೆ ಅದೇ ಎಲ್‌ಎಚ್ ಗಂಡಿನಲ್ಲಿ ವೃಷಣದ ಕೋಶಗಳಿಂದ ಟೆಸ್ಟೋಸ್ಟಿರೋನ್ ಹೊರಡಿಸುತ್ತದೆ ಎಂದು ಗೊತ್ತಾಯಿತು. ಗಂಡಸರ ವಿಷಯದಲ್ಲಿ ಅದನ್ನು ಐಸಿಎಸ್‌ಎಚ್ (ವೃಷಣದ ಆ ಕೋಶಗಳನ್ನು ಚುರುಕುಗೊಳಿಸುವ ಹಾರ್ಮೋನು) ಎಂಬ ಬೇರೆ ಹೆಸರಿನಿಂದ ಕರೆಯುವ ಪ್ರಯತ್ನವೂ ನಡೆಯಿತು. ಹಳೆಯ ಪುಸ್ತಕಗಳಲ್ಲಿ ಇನ್ನೂ ಕಾಣಸಿಗುತ್ತದೆ. ಒಂದೇ ಅಣುವಿಗೆ ಲಿಂಗಕ್ಕೊಂದು ಹೆಸರು ಇಡುವುದು ಗೊಂದಲ ಎಂದು ಅದನ್ನು ಕೈಬಿಟ್ಟರು. ನನ್ನ ಅಭಿಪ್ರಾಯ ಕೇಳಿದರೆ ಕೈಬಿಟ್ಟದ್ದೇ ಸರಿ. ಆದರೆ ಅದರಿಂದ ನಷ್ಟವಾದದ್ದು ನಿಮ್ಮ ಅಳಿಯಂದಿರಂಥವರಿಗೆ. ಅವರ ರಿಪೋರ್ಟಿನಲ್ಲಿ ಹೆಂಗಸರ ಅಂಗದ ಹೆಸರು ಉಳಿದುಕೊಂಡಿತು, ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಒಪಿಡಿಯಲ್ಲಿ ಯಾರಿಗೂ ಇರುವುದಿಲ್ಲ.

ಎಎಂಎಚ್ ಇದರ ಉಲ್ಟಾ ಕಥೆ, ನನಗೆ ತುಂಬ ಇಷ್ಟವಾದ ಕಥೆಯೂ ಹೌದು. ಈಗ ಮಕ್ಕಳಾಗದ ಹೆಣ್ಣುಮಕ್ಕಳಿಗೆ ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂದು ಅಂದಾಜು ಮಾಡಲು ಈ ಪರೀಕ್ಷೆ ಬರೆಯುತ್ತಾರೆ. ಆದರೆ ಹೆಸರು ಬಂದದ್ದು ಗಂಡು ಭ್ರೂಣದಿಂದ. ಪೂರ್ಣ ಹೆಸರು ಆಂಟಿ ಮ್ಯೂಲೇರಿಯನ್ ಹಾರ್ಮೋನ್. ಯೋಹಾನೆಸ್ ಮ್ಯೂಲರ್ ಎಂಬ ಜರ್ಮನ್ ವಿಜ್ಞಾನಿ 1830ರಲ್ಲಿ ಭ್ರೂಣದಲ್ಲಿ ಒಂದು ಜೊತೆ ನಾಳಗಳನ್ನು ವಿವರಿಸಿದ್ದರು. ಹೆಣ್ಣು ಭ್ರೂಣದಲ್ಲಿ ಆ ನಾಳಗಳೇ ಮುಂದೆ ಗರ್ಭಕೋಶ, ಅಂಡನಾಳ ಆಗುತ್ತವೆ. ಗಂಡು ಭ್ರೂಣದಲ್ಲಿ ವೃಷಣದಿಂದ ಹೊರಡುವ ಒಂದು ವಸ್ತು ಅವನ್ನು ಕರಗಿಸಿಬಿಡುತ್ತದೆ. ಅಂಥದ್ದೊಂದು ವಸ್ತು ಇರಲೇಬೇಕು, ಅದು ಟೆಸ್ಟೋಸ್ಟಿರೋನ್ ಅಲ್ಲ ಎಂದು 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಮೊಲದ ಭ್ರೂಣಗಳಲ್ಲಿ ತೋರಿಸಿದರು. ಮ್ಯೂಲರ್ ನಾಳಕ್ಕೆ ವಿರುದ್ಧ ನಿಲ್ಲುವುದು, ಆದ್ದರಿಂದ ಆಂಟಿ ಮ್ಯೂಲೇರಿಯನ್. ಹುಟ್ಟಿದ ಮೇಲೆ ಹೆಣ್ಣುಮಕ್ಕಳ ಅಂಡಾಶಯದ ಸಣ್ಣ ಸಣ್ಣ ಫಾಲಿಕಲ್‌ಗಳೂ ಇದನ್ನೇ ತಯಾರಿಸುತ್ತವೆ ಎಂಬುದು ಎಷ್ಟೋ ಕಾಲದ ನಂತರ ತಿಳಿಯಿತು. ಆದ್ದರಿಂದ ನಿಮ್ಮ ಮಗಳ ರಿಪೋರ್ಟಿನಲ್ಲಿ "ಆಂಟಿ" ಎಂದು ಕಂಡರೆ ದೇಹದಲ್ಲಿ ಏನೋ ಗರ್ಭಕ್ಕೆ ವಿರುದ್ಧವಾಗಿದೆ ಎಂದುಕೊಳ್ಳಬೇಡಿ. ಎಷ್ಟೋ ಮಂದಿ ಹಾಗೇ ತಿಳಿದು ಅತ್ತದ್ದನ್ನು ಕಂಡಿದ್ದೇನೆ. ಅವರ ವಯಸ್ಸಿನಲ್ಲಿ ಆ ಹಾರ್ಮೋನು ಚೆನ್ನಾಗಿರುವುದೇ ಒಳ್ಳೆಯ ಲಕ್ಷಣ. ಪಿಸಿಒಎಸ್, ಅಂದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಾಣುವ ತೊಂದರೆ ಇದ್ದವರಲ್ಲಿ ಮಾತ್ರ ಅತಿ ಹೆಚ್ಚಾಗಿರುವುದುಂಟು, ಅದನ್ನು ವೈದ್ಯರು ಬೇರೆ ರೀತಿ ಓದುತ್ತಾರೆ.

ಸಿಕ್ಕ ಜಾಗದ ಹೆಸರು ಹೊತ್ತು ತಿರುಗುವ ಇನ್ನೊಂದು ಹಾರ್ಮೋನು ಬಿಎನ್‌ಪಿ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಹಂದಿಯ ಮಿದುಳಿನಲ್ಲಿ ಕಂಡುಹಿಡಿದು ಬ್ರೇನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಎಂದರು. ಅದು ಮುಖ್ಯವಾಗಿ ಹೊರಡುವುದು ಹೃದಯದ ಕೆಳಕೋಣೆಗಳಿಂದ ಎಂದು ಬೇಗನೆ ಗೊತ್ತಾಯಿತು. ಈಗ ಉಸಿರುಗಟ್ಟಿ ಬಂದವರಿಗೆ ಹೃದಯ ಸೋತಿದೆಯೇ ಎಂದು ನೋಡಲು ಮಾಡುವ ಎನ್‌ಟಿ ಪ್ರೊಬಿಎನ್‌ಪಿ ಪರೀಕ್ಷೆ ಇದರದ್ದೇ. ಅಕ್ಷರ ಬದಲಿಸಲು ಯಾರಿಗೂ ಮನಸ್ಸಾಗಲಿಲ್ಲ, ಅದಕ್ಕೇ ಬಿ ಅಂದರೆ ಬ್ರೇನ್ ಅಲ್ಲ, ಬರೀ ಬಿ ಎಂದು ಅರ್ಥ ಬದಲಿಸಿಕೊಂಡರು. ಜಿಐಪಿ ಎಂಬ ಕರುಳಿನ ಹಾರ್ಮೋನಿಗೂ ಇದೇ ಆಯಿತು. ಮೊದಲು ಜಠರದ ಚಟುವಟಿಕೆ ತಗ್ಗಿಸುವುದು ಎಂದು ಗ್ಯಾಸ್ಟ್ರಿಕ್ ಇನ್‌ಹಿಬಿಟರಿ ಪಾಲಿಪೆಪ್ಟೈಡ್ ಎಂದು ಹೆಸರಿಟ್ಟರು. ಅದರ ನಿಜವಾದ ಮುಖ್ಯ ಕೆಲಸ ಊಟದ ನಂತರ ಇನ್ಸುಲಿನ್ ಹೆಚ್ಚಿಸುವುದು ಎಂದು ತಿಳಿದ ಮೇಲೆ ಜಿ, ಐ, ಪಿ ಮೂರೂ ಅಕ್ಷರ ಉಳಿಯುವಂತೆ ಗ್ಲೂಕೋಸ್ ಡಿಪೆಂಡೆಂಟ್ ಇನ್ಸುಲಿನೋಟ್ರೋಪಿಕ್ ಪಾಲಿಪೆಪ್ಟೈಡ್ ಎಂಬ ಹೊಸ ಹೆಸರು ಹೊಂದಿಸಿದರು. ಬಳಕೆಗೆ ಬಂದ ಸಂಕ್ಷೇಪವನ್ನು ಕಿತ್ತು ಹಾಕುವುದು ಅಷ್ಟು ಕಷ್ಟ. ನಿದ್ದೆಯ ಮಾತ್ರೆ ಎಂದು ಈಗ ಮಾರುವ ಮೆಲಟೋನಿನ್‌ಗೆ ಚರ್ಮದ ಬಣ್ಣದ ಹೆಸರು ಬಂದದ್ದೂ ಸುಮ್ಮನಲ್ಲ. 1958ರಲ್ಲಿ ಅದನ್ನು ಬೇರ್ಪಡಿಸಿದ ಏರನ್ ಲರ್ನರ್ ಚರ್ಮರೋಗ ತಜ್ಞರು. ಅದು ಕಪ್ಪೆಯ ಚರ್ಮವನ್ನು ತಿಳಿಯಾಗಿಸುವುದು ಅವರಿಗೆ ಕಂಡಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ, ಒಂದಕ್ಕೆ ಎರಡೆರಡು ಹೆಸರು. ಇಬ್ಬರು ಬೇರೆ ಬೇರೆ ಪರಿಣಾಮ ನೋಡಿ ಬೇರೆ ಬೇರೆ ಹೆಸರಿಟ್ಟು, ಆಮೇಲೆ ವಸ್ತು ಒಂದೇ ಎಂದು ತಿಳಿದರೆ ಎರಡೂ ಹೆಸರು ಉಳಿಯುತ್ತವೆ. ಎಡಿಎಚ್ ಮತ್ತು ವ್ಯಾಸೊಪ್ರೆಸಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಪಿಟ್ಯುಟರಿ ಸಾರ ರಕ್ತದೊತ್ತಡ ಏರಿಸುತ್ತದೆ ಎಂದು 1895ರಲ್ಲೇ ಕಂಡಿತ್ತು, ರಕ್ತನಾಳ ಬಿಗಿಯುವುದು ಎಂಬ ಅರ್ಥದ ವ್ಯಾಸೊಪ್ರೆಸಿನ್ ಹೆಸರು ಆ ದಾರಿಯಿಂದ ಬಂತು. 1913ರ ಹೊತ್ತಿಗೆ ಅದೇ ಸಾರ ವಿಪರೀತ ಮೂತ್ರ ಹೋಗುವುದನ್ನು ತಡೆಯುತ್ತದೆ ಎಂದು ವೈದ್ಯರು ಕಂಡುಕೊಂಡರು, ಅಲ್ಲಿಂದ ಆಂಟಿಡೈಯುರೆಟಿಕ್ ಹಾರ್ಮೋನ್, ಅಂದರೆ ಎಡಿಎಚ್. ನಿತ್ಯದ ಬದುಕಿನಲ್ಲಿ ಅದರ ದೊಡ್ಡ ಕೆಲಸ ಈ ಎರಡನೆಯದೇ. ಈಚೆಗೆ ಎವಿಪಿ ಎಂದೂ ಬರೆಯುತ್ತಾರೆ. ಎ ಅಂದರೆ ಆರ್ಜಿನಿನ್, ಮನುಷ್ಯರ ಈ ಹಾರ್ಮೋನಿನ ಒಂದು ಸ್ಥಾನದಲ್ಲಿರುವ ಅಮೈನೋ ಆಮ್ಲ. ಹಂದಿಯಲ್ಲಿ ಅದೇ ಸ್ಥಾನದಲ್ಲಿ ಲೈಸಿನ್ ಇರುತ್ತದೆ.

ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಜಗಳದಲ್ಲಿ ವ್ಯಾಪಾರವೂ ಸೇರಿತ್ತು. ಮೂತ್ರಪಿಂಡದ ಮೇಲೆ ಕೂತ ಗ್ರಂಥಿಯ ಸಾರಕ್ಕೆ ಅಮೆರಿಕದ ಜಾನ್ ಏಬೆಲ್ ಗ್ರೀಕಿನಲ್ಲಿ ಎಪಿನೆಫ್ರಿನ್ ಎಂದರು. ಅದನ್ನು ಹರಳಾಗಿ ಶುದ್ಧರೂಪದಲ್ಲಿ ಪಡೆದವರು ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಜೋಕಿಚಿ ತಾಕಾಮಿನೆ. 1901ರಲ್ಲಿ ಅದು ಲ್ಯಾಟಿನ್ ಮೂಲದ ಅಡ್ರಿನಲಿನ್ ಹೆಸರಿನಿಂದ ಹೊರಬಂತು. ಎರಡೂ ಹೆಸರಿಗೆ ಅರ್ಥ ಹೆಚ್ಚುಕಡಿಮೆ ಒಂದೇ: ಮೂತ್ರಪಿಂಡದ ಬಳಿ, ಮೂತ್ರಪಿಂಡದ ಮೇಲೆ. ಅಮೆರಿಕದಲ್ಲಿ ಅಡ್ರಿನಲಿನ್ ಪಾರ್ಕ್ ಡೇವಿಸ್ ಕಂಪನಿಯ ವ್ಯಾಪಾರಮುದ್ರೆಯಾಗಿದ್ದರಿಂದ ಅಲ್ಲಿನ ವೈದ್ಯರಿಗೆ ಎಪಿನೆಫ್ರಿನ್ ಉಳಿಯಿತು. ಬ್ರಿಟನ್ ಮತ್ತು ಅದರ ದಾರಿಯಲ್ಲಿ ಕಲಿತ ನಮಗೆ ಅಡ್ರಿನಲಿನ್. ದಾವಣಗೆರೆಯ ಯಾವ ಕ್ಯಾಶುವಾಲ್ಟಿಯಲ್ಲಿ ಕೂಗಿದರೂ ಅಡ್ರಿನಲಿನ್ ಎಂದೇ ಕೂಗುತ್ತಾರೆ, ನೀಟ್‌ಗೆ ಓದುವ ಮಕ್ಕಳು ಎರಡನ್ನೂ ಕಲಿಯಬೇಕು.

ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸೋಲ್ ಮತ್ತು ಹೈಡ್ರೋಕಾರ್ಟಿಸೋನ್ ವಸ್ತು ಒಂದೇ. ದೇಹ ತಯಾರಿಸಿದಾಗ ಮೊದಲ ಹೆಸರು, ಬಾಟಲಿಯಲ್ಲಿ ಬಂದಾಗ ಎರಡನೆಯದು. ಅದರ ಸೋದರ ಕಾರ್ಟಿಸೋನ್‌ಗೆ ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಕೆಂಡಲ್ ಪ್ರಯೋಗಾಲಯದಲ್ಲಿ ಕಾಂಪೌಂಡ್ ಇ ಎಂಬ ಹೆಸರಿತ್ತು. ವಿಟಮಿನ್ ಇ ಜೊತೆ ಗೊಂದಲವಾದೀತು ಎಂದು ಬದಲಿಸಿದರು. ಗರ್ಭವನ್ನು ಕಾಪಾಡುವ ಹಾರ್ಮೋನಾದ ಪ್ರೊಜೆಸ್ಟಿರೋನ್‌ನ ಹೆಸರು ರಾಜಿಯಿಂದ ಹುಟ್ಟಿದ್ದು. 1934ರಲ್ಲಿ ಹಲವು ತಂಡಗಳು ಅದನ್ನು ಬೇರ್ಪಡಿಸಿದ್ದವು. ಅಮೆರಿಕದವರು ಪ್ರೊಜೆಸ್ಟಿನ್ ಎನ್ನುತ್ತಿದ್ದರು, ಜರ್ಮನರು ಲ್ಯುಟಿಯೋಸ್ಟಿರೋನ್ ಎನ್ನುತ್ತಿದ್ದರು. 1935ರಲ್ಲಿ ಲಂಡನ್ನಿನಲ್ಲಿ ಸೇರಿದಾಗ ಒಂದರ ತಲೆ, ಇನ್ನೊಂದರ ಬಾಲ ಸೇರಿಸಿ ಒಪ್ಪಿಕೊಂಡರು.

ಟಿ1, ಟಿ2 ಎಲ್ಲಿ ಎಂಬ ನಿಮ್ಮ ಪ್ರಶ್ನೆ ನನಗೆ ಬಹಳ ಹಿಡಿಸಿತು. ಈ ಅಂಕಿಗಳು ಕ್ರಮಸಂಖ್ಯೆ ಅಲ್ಲ, ಅಯೋಡಿನ್ ಪರಮಾಣುಗಳ ಲೆಕ್ಕ. ಟಿ4ನಲ್ಲಿ ನಾಲ್ಕು ಅಯೋಡಿನ್, ಟಿ3ಯಲ್ಲಿ ಮೂರು. ಥೈರಾಯ್ಡ್ ಗ್ರಂಥಿಯೊಳಗೆ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಅಯೋಡಿನ್ ಅಂಟಿದರೆ ಎಂಐಟಿ, ಎರಡು ಅಂಟಿದರೆ ಡಿಐಟಿ. ಕೆಲವು ಪುಸ್ತಕಗಳು ಇವನ್ನೇ ಟಿ1, ಟಿ2 ಎನ್ನುತ್ತವೆ. ಎರಡು ಡಿಐಟಿ ಕೂಡಿದರೆ ಟಿ4, ಒಂದು ಎಂಐಟಿ ಒಂದು ಡಿಐಟಿ ಕೂಡಿದರೆ ಟಿ3. ಕೂಡದೆ ಉಳಿದ ತುಂಡುಗಳಿಂದ ಗ್ರಂಥಿ ಅಯೋಡಿನ್ ಕಿತ್ತುಕೊಂಡು ಮತ್ತೆ ಬಳಸುತ್ತದೆ, ಹೊರಗೆ ರಕ್ತಕ್ಕೆ ಹೆಚ್ಚಾಗಿ ಬಿಡುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಅವನ್ನು ಅಳೆಯುವ ಅಗತ್ಯ ಬೀಳುವುದಿಲ್ಲ. ಗ್ರಂಥಿ ಮುಖ್ಯವಾಗಿ ಹೊರಬಿಡುವುದು ಟಿ4. ದೇಹದ ಬೇರೆ ಭಾಗಗಳಲ್ಲಿ ಅದರಿಂದ ಒಂದು ಅಯೋಡಿನ್ ಕಳಚಿ ಹೆಚ್ಚು ಚುರುಕಾದ ಟಿ3 ಆಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಯ್ಡ್ ಮಾತ್ರೆ ಕೂಡ ಟಿ4, ಅಂದರೆ ಥೈರಾಕ್ಸಿನ್.

ಆ ಥೈರಾಕ್ಸಿನ್ ಎಂಬ ಹೆಸರಿನೊಳಗೆ ಒಂದು ತಪ್ಪು ಕೂತಿದೆ. ಅದೇ ಕೆಂಡಲ್ 1914ರ ಡಿಸೆಂಬರ್ 25ರಂದು ಅದನ್ನು ಹರಳಾಗಿ ಪಡೆದರು. ಅದರಲ್ಲಿ ಇಂಡೋಲ್ ಎಂಬ ರಾಸಾಯನಿಕ ಉಂಗುರವಿದೆ ಎಂದು ಭಾವಿಸಿ ಥೈರೋ, ಆಕ್ಸಿ, ಇಂಡೋಲ್ ಎಂಬ ಮೂರನ್ನು ಕುಗ್ಗಿಸಿ ಹೆಸರು ಕಟ್ಟಿದರು. 1926ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾರಿಂಗ್ಟನ್ ನಿಜವಾದ ರಚನೆ ಬಿಡಿಸಿದಾಗ ಅದರಲ್ಲಿ ಇಂಡೋಲ್ ಇರಲೇ ಇಲ್ಲ. ಹೆಸರು ಮಾತ್ರ ಹೋಗಲಿಲ್ಲ.

ಅಂಕಿಗಳ ಅರ್ಥ ಒಂದೊಂದು ಮನೆಯಲ್ಲಿ ಒಂದೊಂದು. ಇ1, ಇ2, ಇ3 ಈಸ್ಟ್ರೋಜೆನ್‌ಗಳಲ್ಲಿ ಅಂಕಿ ಎಂದರೆ ಹೈಡ್ರಾಕ್ಸಿಲ್ ಗುಂಪುಗಳ, ಅಂದರೆ ಒಂದು ಆಮ್ಲಜನಕ ಒಂದು ಜಲಜನಕ ಸೇರಿದ ಜೋಡಿಗಳ, ಎಣಿಕೆ. ಈಸ್ಟ್ರೋನ್‌ನಲ್ಲಿ ಒಂದು, ಈಸ್ಟ್ರಡಯಾಲ್‌ನಲ್ಲಿ ಎರಡು, ಈಸ್ಟ್ರಿಯಾಲ್‌ನಲ್ಲಿ ಮೂರು. ನಿಮ್ಮ ಮಗಳ ಇ2 ಅಂದರೆ ಈಸ್ಟ್ರಡಯಾಲ್. ವಿಟಮಿನ್ ಡಿ2, ಡಿ3ಯಲ್ಲಿ ಅಂಕಿ ಕಂಡುಹಿಡಿದ ಕ್ರಮ. ಡಿ1 ಎಂದು ಕರೆದದ್ದು ಒಂದು ಮಿಶ್ರಣ ಎಂದು ತಿಳಿದ ಮೇಲೆ ಅದನ್ನು ಪಟ್ಟಿಯಿಂದ ತೆಗೆದರು. ಅಂದಹಾಗೆ ಡಿ3 ದೇಹದಲ್ಲಿ ಕೊನೆಗೆ ಬದಲಾಗಿ ನಿಲ್ಲುವ ರೂಪ ಹಾರ್ಮೋನೇ, ವಿಟಮಿನ್ ಎಂಬ ಹೆಸರು ಹಳೆಯ ದಿನಗಳದು. ಈಗ ತೂಕ ಇಳಿಸುವ ಇಂಜೆಕ್ಷನ್‌ಗಳ ಮಾತಿನಲ್ಲಿ ಕೇಳುವ ಜಿಎಲ್‌ಪಿ1ರ ಒಂದು ಮತ್ತೊಂದು ಬಗೆ. 1983ರಲ್ಲಿ ಗ್ಲುಕಗಾನ್ ಹಾರ್ಮೋನಿನ ವಂಶವಾಹಿ ಓದಿದಾಗ ಅದರಲ್ಲಿ ಗ್ಲುಕಗಾನ್ ಹೋಲುವ ಇನ್ನೆರಡು ಪೆಪ್ಟೈಡ್‌ಗಳು (ಅಮೈನೋ ಆಮ್ಲಗಳ ಸಣ್ಣ ಸರಗಳು) ಸಾಲಾಗಿ ಕಂಡವು. ಗ್ಲುಕಗಾನ್ ಲೈಕ್ ಪೆಪ್ಟೈಡ್, ಅಂದರೆ ಜಿಎಲ್‌ಪಿ: ಮೊದಲನೆಯದು ಒಂದು, ಮುಂದಿನದು ಎರಡು.

ಅಕ್ಷರಗಳೂ ಅಷ್ಟೇ. ಟಿಎಸ್‌ಎಚ್, ಎಲ್‌ಎಚ್, ಎಎಂಎಚ್‌ಗಳ ಕೊನೆಯ ಎಚ್ ಹಾರ್ಮೋನ್. ಗರ್ಭ ನಿಂತಿದೆಯೇ ಎಂದು ನೋಡುವ ಎಚ್‌ಸಿಜಿಯ ಮೊದಲ ಎಚ್ ಮಾತ್ರ ಹ್ಯೂಮನ್, ಮನುಷ್ಯರದು. ಕುದುರೆಗೂ ಅಂಥದ್ದೊಂದು ಇರುವುದರಿಂದ ಗುರುತು ಹಚ್ಚಬೇಕಾಯಿತು. ಎಫ್‌ಟಿ4ನಲ್ಲಿ ಎಫ್ ಎಂದರೆ ಫ್ರೀ, ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವುದು. ಟಿ4ನಲ್ಲಿ ಹಾಗೆ ಬಿಡಿಯಾಗಿರುವುದು ನೂರರಲ್ಲಿ ಒಂದು ಪಾಲೂ ಇಲ್ಲ, ಆದರೆ ಕೆಲಸ ಮಾಡುವುದು ಅದೇ. ಎಫ್ ಇನ್ಸುಲಿನ್ ಎಂದು ಬರೆದಿದ್ದರೆ ಫಾಸ್ಟಿಂಗ್, ಖಾಲಿ ಹೊಟ್ಟೆಯದು. ಎಫ್‌ಎಸ್‌ಎಚ್‌ನ ಎಫ್ ಫಾಲಿಕಲ್. ಬೀಟಾ ಎಚ್‌ಸಿಜಿ ಎಂದು ಬೀಟಾ ಸೇರಿಸುವುದಕ್ಕೆ ಗಟ್ಟಿ ಕಾರಣವಿದೆ. ಟಿಎಸ್‌ಎಚ್, ಎಫ್‌ಎಸ್‌ಎಚ್, ಎಲ್‌ಎಚ್, ಎಚ್‌ಸಿಜಿ ನಾಲ್ಕೂ ಎರಡೆರಡು ತುಂಡುಗಳಿಂದ ಆದವು. ಆಲ್ಫಾ ತುಂಡು ನಾಲ್ಕಕ್ಕೂ ಒಂದೇ, ಬೀಟಾ ತುಂಡು ಮಾತ್ರ ಬೇರೆ. ಬೀಟಾವನ್ನು ಹಿಡಿಯುವ ಪರೀಕ್ಷೆ 1972ರಲ್ಲಿ ಬರುವವರೆಗೆ ಎಚ್‌ಸಿಜಿಯನ್ನು ಎಲ್‌ಎಚ್‌ನಿಂದ ಸರಿಯಾಗಿ ಬೇರ್ಪಡಿಸಿ ಅಳೆಯುವುದು ಕಷ್ಟವಿತ್ತು. ಇನ್ನು ನಿಮ್ಮ ಮಗಳ ಪಟ್ಟಿಯಲ್ಲಿ ಆಂಟಿ ಟಿಪಿಒ ಇದ್ದರೆ ಅದು ಹಾರ್ಮೋನಲ್ಲ, ಥೈರಾಯ್ಡ್‌ನ ಒಂದು ಕಿಣ್ವದ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ.

ಯಾರು ಇಡುತ್ತಾರೆ? ಕಂಡುಹಿಡಿದವರು ಇಡುತ್ತಾರೆ, ಉಳಿದವರು ಬಳಸಿದರೆ ನಿಲ್ಲುತ್ತದೆ. ಶಿಸ್ತು ತರಲು ಜೀವರಸಾಯನ ತಜ್ಞರ ಅಂತರರಾಷ್ಟ್ರೀಯ ಸಮಿತಿ 1970ರ ದಶಕದಲ್ಲಿ ಪ್ರಯತ್ನಿಸಿತು. ಬೇರೆ ಹಾರ್ಮೋನನ್ನು ಹೊರಡಿಸುವ ಹಾರ್ಮೋನುಗಳಿಗೆ ಲಿಬೆರಿನ್, ಅದನ್ನು ತಡೆಯುವವಕ್ಕೆ ಸ್ಟ್ಯಾಟಿನ್, ಪಿಟ್ಯುಟರಿಯವಕ್ಕೆ ಟ್ರೋಪಿನ್ ಎಂಬ ಬಾಲ ಇರಲಿ ಎಂದಿತು. ಆ ಲೆಕ್ಕದಲ್ಲಿ ಎಫ್‌ಎಸ್‌ಎಚ್ ಫಾಲಿಟ್ರೋಪಿನ್ ಆಗುತ್ತದೆ, ಎಲ್‌ಎಚ್ ಲ್ಯುಟ್ರೋಪಿನ್. ವೈದ್ಯರ ಬಾಯಿಗೆ ಅವು ಹತ್ತಲಿಲ್ಲ. ಔಷಧದ ಡಬ್ಬಿಯ ಮೇಲೆ ಮಾತ್ರ ಹತ್ತಿದವು: ಐವಿಎಫ್‌ಗೆ ಹೋದರೆ ಇಂಜೆಕ್ಷನ್ ಮೇಲೆ ಫಾಲಿಟ್ರೋಪಿನ್ ಎಂದು ಕಾಣಬಹುದು, ಅದು ಎಫ್‌ಎಸ್‌ಎಚ್‌ನದೇ ಇನ್ನೊಂದು ಹೆಸರು. ಎಚ್‌ಎಂಜಿ ಎಂದಿದ್ದರೆ ನಡುವಿನ ಎಂ ಮೆನೋಪಾಸಲ್. ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆದು ಶುದ್ಧ ಮಾಡಿದ್ದು ಎಂದು ಅರ್ಥ. ಔಷಧಗಳ ಸಾಮಾನ್ಯ ಹೆಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಂ ಬಾಲಗಳಿಟ್ಟು ನಿಗದಿ ಮಾಡುತ್ತದೆ, ಅಲ್ಲಿನ ಶಿಸ್ತು ನಿಜಕ್ಕೂ ಚೆನ್ನಾಗಿದೆ. ರೆಲಿನ್ ಎಂದು ಮುಗಿದರೆ ಪಿಟ್ಯುಟರಿಯಿಂದ ಹಾರ್ಮೋನು ಹೊರಡಿಸುವ ಜಾತಿ, ರೆಲಿಕ್ಸ್ ಎಂದು ಮುಗಿದರೆ ಅದನ್ನು ತಡೆಯುವ ಜಾತಿ, ಗ್ಲುಟೈಡ್ ಎಂದು ಮುಗಿದರೆ ಜಿಎಲ್‌ಪಿ ಬಳಗ.

ಹೆಸರಿನ ಗೊಂದಲ ಜೀವಕ್ಕೇ ಬಂದದ್ದೂ ಇದೆ. ಎಡಿಎಚ್ ಸಾಲದೆ, ಇಲ್ಲವೇ ಮೂತ್ರಪಿಂಡ ಅದಕ್ಕೆ ಸ್ಪಂದಿಸದೆ ಬರುವ ಕಾಯಿಲೆಗೆ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಹೆಸರಿತ್ತು. ಅದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಆದರೆ ಡಯಾಬಿಟಿಸ್ ಎಂಬ ಪದ ನೋಡಿ ಆಸ್ಪತ್ರೆಗಳಲ್ಲಿ ಸಕ್ಕರೆ ಅಳೆದು ಸುಮ್ಮನಾಗಿ, ಎಡಿಎಚ್ ಬದಲಿಗೆ ಕೊಡಬೇಕಾದ ಡೆಸ್ಮೊಪ್ರೆಸಿನ್ ಔಷಧ ಕೊಡದೆ ರೋಗಿಗಳು ಸತ್ತ ಪ್ರಕರಣಗಳು ವಿದೇಶಗಳಲ್ಲಿ ದಾಖಲಾದವು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹೆಸರು ಬದಲಿಸಿ ಎವಿಪಿ ಕೊರತೆ, ಎವಿಪಿ ಪ್ರತಿರೋಧ ಎಂದು ಕರೆಯಬೇಕು ಎಂದರು. ಇಂಥ ಬದಲಾವಣೆ ಇನ್ನಷ್ಟು ಬೇಗ ಆಗಬೇಕಿತ್ತು ಎಂಬುದು ನನ್ನ ಬಲವಾದ ನಂಬಿಕೆ. ನಮ್ಮಲ್ಲೂ ಕೇಸ್ ಶೀಟಿನಲ್ಲಿ ಪಿಐಎಚ್ ಎಂದು ಬರೆದರೆ ಪ್ರಸೂತಿ ವಾರ್ಡಿನವರು ಬಸುರಿನ ಬಿಪಿ ಎನ್ನುತ್ತಾರೆ, ಶರೀರಕ್ರಿಯೆಯ ಪುಸ್ತಕದಲ್ಲಿ ಅದು ಪ್ರೊಲ್ಯಾಕ್ಟಿನ್ ತಡೆಯುವ ಹಾರ್ಮೋನು, ಅಂದರೆ ಡೋಪಮಿನ್. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಮೊದಲ ಸಲ ಪೂರ್ತಿ ಹೆಸರು ಬರೆದು, ಆಮೇಲೆ ಸಂಕ್ಷೇಪ ಬಳಸಿ ಎಂದು ಹೇಳುತ್ತಲೇ ಇರುತ್ತೇನೆ.

ನಿಮ್ಮ ಕೈಯಲ್ಲಿರುವ ಕಾಗದಗಳಿಗೆ ಬರೋಣ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್. ಹೆಸರಿನಲ್ಲಿ ಥೈರಾಯ್ಡ್ ಇದ್ದರೂ ಅದು ಥೈರಾಯ್ಡ್ ಗ್ರಂಥಿಯದ್ದಲ್ಲ, ಪಿಟ್ಯುಟರಿಯದು; ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವುದು. ಥೈರಾಯ್ಡ್ ಸೋತಾಗ ಪಿಟ್ಯುಟರಿ ಹೆಚ್ಚು ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ನಮ್ಮೂರಲ್ಲಿ "ಟಿಎಸ್‌ಎಚ್ ಜಾಸ್ತಿ ಬಂದೈತೆ, ಥೈರಾಯ್ಡ್ ಜಾಸ್ತಿ ಆಗೈತೆ" ಎಂದು ಹೇಳಿಕೊಂಡು, ಮಾತ್ರೆ ನುಂಗಿದರೆ ಇನ್ನೂ ಜಾಸ್ತಿಯಾದೀತು ಎಂದು ನಿಲ್ಲಿಸಿದವರಿದ್ದಾರೆ. ಸಾಮಾನ್ಯವಾಗಿ ಅದು ಥೈರಾಯ್ಡ್ ಕಡಿಮೆಯಾದ ಲಕ್ಷಣ. ಮಗಳಿಗೆ ಹಾಗಿದ್ದರೆ ಮಾತ್ರೆ ತಪ್ಪಿಸಬಾರದು, ಗರ್ಭ ನಿಲ್ಲುವುದಕ್ಕೂ ನಿಂತ ಗರ್ಭಕ್ಕೂ ಅದು ಮುಖ್ಯ.

ಎಫ್‌ಎಸ್‌ಎಚ್, ಎಲ್‌ಎಚ್, ಇ2 ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ನೋಡುವಂಥವು. ಬೇರೆ ದಿನ ರಕ್ತ ಕೊಟ್ಟಿದ್ದರೆ ಅದೇ ಅಂಕಿಗೆ ಬೇರೆ ಅರ್ಥ, ಆ ದಿನ ಯಾವುದೆಂದು ಕಾಗದದ ಮೇಲೆ ಬರೆದಿಡಿ. ಎಎಂಎಚ್‌ಗೆ ಈ ದಿನದ ಕಟ್ಟು ಅಷ್ಟಾಗಿ ಇಲ್ಲ. ಅಳಿಯಂದಿರ ಪ್ರೊಲ್ಯಾಕ್ಟಿನ್ ಒಂದು ಸಲ ಸ್ವಲ್ಪ ಏರಿದ್ದರೆ ಹೆದರಬೇಕಿಲ್ಲ. ಸೂಜಿಯ ಭಯ, ನಿದ್ದೆಗೇಡು, ಓಡಿ ಬಂದು ರಕ್ತ ಕೊಟ್ಟದ್ದು ಇವೇ ಸ್ವಲ್ಪ ಏರಿಸುತ್ತವೆ. ವೈದ್ಯರು ಬೆಳಿಗ್ಗೆ ವಿಶ್ರಾಂತಿಯಲ್ಲಿ ಇನ್ನೊಮ್ಮೆ ಮಾಡಿಸಿ ಎನ್ನಬಹುದು. ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹೊಟ್ಟೆಯದೂ ಸೇರಿಸಿ, ಜೊತೆಗೆ ಒಯ್ಯಿರಿ.

ಎರಡು ಲ್ಯಾಬಿನ ರಿಪೋರ್ಟ್ ಹೋಲಿಸುವಾಗ ಅಂಕಿಯ ಪಕ್ಕದ ಅಳತೆಯನ್ನು ನೋಡಿ. ಟಿಎಸ್‌ಎಚ್‌ನಲ್ಲಿ ಲೀಟರಿಗೆ ಮಿಲಿ ಯೂನಿಟ್ ಎಂದಿದ್ದರೂ ಮಿಲಿಲೀಟರಿಗೆ ಮೈಕ್ರೊ ಯೂನಿಟ್ ಎಂದಿದ್ದರೂ ಅಂಕಿ ಒಂದೇ. ಎಎಂಎಚ್‌ನಲ್ಲಿ ಹಾಗಲ್ಲ: ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಲೀಟರಿಗೆ 7.14 ಪಿಕೋಮೋಲ್. ಪ್ರೊಲ್ಯಾಕ್ಟಿನ್‌ನಲ್ಲಿ ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಲೀಟರಿಗೆ ಸುಮಾರು 21 ಮಿಲಿ ಯೂನಿಟ್. ಹರಿಹರದಲ್ಲಿ 14 ಇದ್ದದ್ದು ದಾವಣಗೆರೆಯಲ್ಲಿ 300 ಆಯಿತೆಂದು ಕಂಡರೆ, ಏರಿದ್ದು ಹಾರ್ಮೋನಲ್ಲ, ಬದಲಾಗಿದ್ದು ಅಳತೆ.